ಗ್ರ್ಯಾಂಡ್ ಟರ್ಕ್‌ನಲ್ಲಿ ಒಂದು ಹಗಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಫ್ಲಾರಿಡಾದಿಂದ ಹೊರಡುವ ಕ್ರೂಸ್ ಹಡಗುಗಳು ತಂಗುವ ಪುಟ್ಟ ದ್ವೀಪಗಳಲ್ಲಿ ಗ್ರ್ಯಾಂಡ್ ಟರ್ಕ್ ಒಂದು. ಟರ್ಕ್ಸ್ ಮತ್ತು ಕೈಕೋಸ್ ಎಂಬ ಬ್ರಿಟಿಷ್ ಆಡಳಿತದ ದ್ವೀಪಸಮೂಹದ ರಾಜಧಾನಿ ಕಾಕ್‌ಬರ್ನ್ ಟೌನ್ ಇರುವುದು ಇಲ್ಲೇ. ದ್ವೀಪದ ಉದ್ದ ಸುಮಾರು 11 ಕಿ.ಮೀ., ಅಗಲ ಎರಡು ಕಿ.ಮೀ. ಆಸುಪಾಸು. ಎಲ್ಲರೂ ಕೆರಿಬಿಯನ್ ಎಂದೇ ಕರೆದರೂ ನಕಾಶೆಯಲ್ಲಿ ಅದು ಅಟ್ಲಾಂಟಿಕ್ ಸಾಗರದೊಳಗಿದೆ. ಈ ಮಾತು ಮುಂದೆ ಗಾಳಿಯ ವಿಷಯ ಬಂದಾಗ ಬೇಕಾಗುತ್ತದೆ. ಅಮೆರಿಕದಲ್ಲಿರುವ ಮಕ್ಕಳು ಊರಿನಿಂದ ಬಂದ ತಂದೆತಾಯಿಯರನ್ನು ಈ ಕ್ರೂಸ್‌ಗಳಿಗೆ ಕರೆದೊಯ್ಯುವುದು ಹೆಚ್ಚಿದೆ. ಈ ಸಲದ ಪತ್ರಗಳೂ ಹೆಚ್ಚಾಗಿ ಅಂಥ ಮನೆಗಳಿಂದಲೇ ಬಂದಿವೆ.

ಪ್ರಶ್ನೆ: ಮಗಳು ಜನವರಿಗೆ ಏಳು ದಿನದ ಕ್ರೂಸ್ ಬುಕ್ ಮಾಡಿದ್ದಾಳೆ. ಗ್ರ್ಯಾಂಡ್ ಟರ್ಕ್‌ನಲ್ಲಿ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಹಡಗು ನಿಲ್ಲುತ್ತದಂತೆ. ನಾವಿಬ್ಬರೂ ಅರವತ್ತೈದು ದಾಟಿದವರು. ಒಂಬತ್ತು ಗಂಟೆಯಲ್ಲಿ ಏನೇನು ನೋಡಬಹುದು?
(ಮೈಸೂರು)

ಉತ್ತರ: ಒಂಬತ್ತು ಗಂಟೆ ಕೈಗೆ ಸಿಗುವುದಿಲ್ಲ. 8ಕ್ಕೆ ಹಡಗನ್ನು ಕಟ್ಟಿದರೂ ಅಧಿಕಾರಿಗಳ ಅನುಮತಿ ಬಂದು ಬಾಗಿಲು ತೆರೆಯುವ ಹೊತ್ತಿಗೆ ಅರ್ಧ ಗಂಟೆ ಕಳೆದಿರುತ್ತದೆ. 5ಕ್ಕೆ ಹೊರಡುವ ಹಡಗಿಗೆ ಸಾಮಾನ್ಯವಾಗಿ 4.30ರೊಳಗೆ ಹತ್ತಿರಬೇಕು, ಕೆಲವು ಕಂಪನಿಗಳಲ್ಲಿ 4ಕ್ಕೇ. ಅದಕ್ಕೂ ಒಂದು ಗಂಟೆ ಮೊದಲು ಕಟ್ಟೆಗೆ ಮರಳುವಂತೆ ಲೆಕ್ಕ ಹಾಕಿದರೆ ಉಳಿಯುವುದು ಆರೂವರೆಯಿಂದ ಏಳು ಗಂಟೆ. ಬಿಸಿಲು, ನಡಿಗೆ, ಊಟ ಎಲ್ಲ ಕಳೆದರೆ ನಿಮ್ಮ ವಯಸ್ಸಿನವರಿಗೆ ನಾಲ್ಕು ಗಂಟೆಯ ಸುತ್ತಾಟವೇ ಸಾಕು. ಆದ್ದರಿಂದ ಊರು ಒಂದು, ಕಡಲು ಒಂದು ಎಂದು ಎರಡನ್ನೇ ಆರಿಸಿಕೊಳ್ಳಿ.

ಕಾಕ್‌ಬರ್ನ್ ಟೌನ್ ಊರನ್ನು ಮೊದಲು ಮುಗಿಸಿ. ಹಡಗುಕಟ್ಟೆ ಇರುವುದು ದ್ವೀಪದ ದಕ್ಷಿಣ ತುದಿಯಲ್ಲಿ. ಊರು ಅಲ್ಲಿಂದ ಸುಮಾರು 5 ಕಿ.ಮೀ., ಬಿಸಿಲಲ್ಲಿ ನಡೆಯುವ ದೂರವಲ್ಲ. ಕ್ರೂಸ್ ಕೇಂದ್ರದ ಹೊರಬಾಗಿಲಲ್ಲಿ ಟ್ಯಾಕ್ಸಿ ಸಿಗುತ್ತದೆ. ಬಾಡಿಗೆ ಒಬ್ಬರಿಗೋ, ಇಡೀ ಗಾಡಿಗೋ, ಮರಳಿ ಕರೆತರಲೂ ಸೇರಿಯೋ ಎಂದು ಹತ್ತುವ ಮೊದಲೇ ಕೇಳಿ. ಜಗಳ ಹುಟ್ಟುವುದು ಈ ಮೂರರಲ್ಲೇ. ಚಲಾವಣೆಯಲ್ಲಿರುವುದು ಅಮೆರಿಕನ್ ಡಾಲರ್. 1 ಮತ್ತು 5 ಡಾಲರಿನ ನೋಟು ಇಟ್ಟುಕೊಳ್ಳಿ, ನೂರರ ನೋಟಿಗೆ ಚಿಲ್ಲರೆ ಹುಟ್ಟುವುದು ಕಷ್ಟ.

ಊರಿನ ಫ್ರಂಟ್ ಸ್ಟ್ರೀಟ್‌ನಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. 16ನೇ ಶತಮಾನದ ಆರಂಭದಲ್ಲಿ ಮೊಲಾಸಸ್ ರೀಫ್ ಎಂಬ ಹವಳದ ದಿಬ್ಬಕ್ಕೆ ಬಡಿದು ಮುಳುಗಿದ ಹಡಗಿನ ಅವಶೇಷಗಳನ್ನು ಅಲ್ಲಿಟ್ಟಿದ್ದಾರೆ. ಒಂದು ಗಂಟೆ ಸಾಕು, ಆದರೆ ಬಿಡಬೇಡಿ. ಹತ್ತಿರದಲ್ಲೇ ಚೌಕ ಚೌಕವಾಗಿ ಕಟ್ಟೆ ಕಟ್ಟಿದ, ಈಗ ಪಾಳುಬಿದ್ದ ಉಪ್ಪಿನ ಆಗರಗಳಿವೆ. ಗೋಕರ್ಣದ ಪಕ್ಕದ ಸಾಣಿಕಟ್ಟೆಯನ್ನು ನೋಡಿದವರಿಗೆ ಅದೇನೆಂದು ವಿವರಿಸಬೇಕಾಗಿಲ್ಲ. 17ನೇ ಶತಮಾನದ ಕೊನೆಯಲ್ಲಿ ಬರ್ಮುಡಾದಿಂದ ಬಂದವರು ಆರಂಭಿಸಿದ ಈ ಉಪ್ಪಿನ ಕಸುಬಿಗೆ ದುಡಿದವರು ಆಫ್ರಿಕಾ ಮೂಲದ ಗುಲಾಮರು. ಕಸುಬು ನಿಂತದ್ದು 1960ರ ದಶಕದಲ್ಲಿ. ಬೀದಿಯಲ್ಲಿ ಅಡ್ಡಾಡುವ ಕತ್ತೆಗಳು ಆಗ ಉಪ್ಪಿನ ಗಾಡಿ ಎಳೆದವುಗಳ ಸಂತತಿ. ಹತ್ತಿರ ಹೋಗಿ ತಿನ್ನಿಸಲು ಹೋಗಬೇಡಿ, ಒದೆಯುತ್ತವೆ.

ಉತ್ತರ ತುದಿಯಲ್ಲಿ 1852ರ ದೀಪಸ್ತಂಭವಿದೆ, ಇಂಗ್ಲೆಂಡಿನಲ್ಲಿ ಎರಕ ಹೊಯ್ದು ತಂದದ್ದು. ದ್ವೀಪದ ಇನ್ನೊಂದು ಕೊನೆಯಾದ್ದರಿಂದ ಅದನ್ನೂ ಸೇರಿಸಿದರೆ ಕಡಲಿಗೆ ಹೊತ್ತು ಉಳಿಯುವುದಿಲ್ಲ. ಅಮೆರಿಕದ ಗಗನಯಾತ್ರಿ ಜಾನ್ ಗ್ಲೆನ್ 1962ರ ಫೆಬ್ರವರಿ 20ರಂದು ಭೂಮಿಗೆ ಮೂರು ಸುತ್ತು ಹಾಕಿ ಅಟ್ಲಾಂಟಿಕ್‌ಗೆ ಇಳಿದ ಮೇಲೆ ಅವರನ್ನು ಕರೆತಂದದ್ದು ಈ ದ್ವೀಪಕ್ಕೆ. ಅದರ ಪ್ರದರ್ಶನ ಕ್ರೂಸ್ ಕೇಂದ್ರದಲ್ಲೇ ಇರುವುದರಿಂದ ಮರಳುವಾಗ ನೋಡಬಹುದು.

ಹನ್ನೆರಡರ ಸುಮಾರಿಗೆ ಹಡಗಿಗೆ ಬಂದು ಊಟ ಮಾಡಿ, ಅರ್ಧ ಗಂಟೆ ಕಾಲು ಚಾಚಿ, ಎರಡಕ್ಕೆ ದಂಡೆಗೆ ಇಳಿಯಿರಿ. ಕಟ್ಟೆಯ ಪಕ್ಕದ ದಂಡೆಯಲ್ಲಿ ಒರಗು ಕುರ್ಚಿಗಳು ಉಚಿತ, ನೆರಳಿನ ಡೇರೆಗಳಿಗೆ ಬಾಡಿಗೆ. ಉತ್ತರಕ್ಕೆ ಹೋದರೆ ಗವರ್ನರ್ಸ್ ಬೀಚ್ ಸಿಗುತ್ತದೆ. ಅಲ್ಲಿ ಹೊನ್ನಾವರ, ಕಾರವಾರದ ದಂಡೆಗಳಲ್ಲಿರುವಂಥದೇ ಗಾಳಿಮರಗಳ ನೆರಳಿದೆ, ಗದ್ದಲವೂ ಕಡಿಮೆ. ಟ್ಯಾಕ್ಸಿಯವರಿಗೆ ಮೊದಲೇ ಹೇಳಿದರೆ ಊರಿಂದ ಮರಳುವಾಗ ಅಲ್ಲೇ ಇಳಿಸುತ್ತಾರೆ. ಹಾಗೆ ಮಾಡುವುದಾದರೆ ಊಟವನ್ನು ತಡವಾಗಿ ಇಟ್ಟುಕೊಳ್ಳಿ.

ಒಂದು ಎಚ್ಚರಿಕೆ. ಹಡಗುಕಟ್ಟೆ ಕಡಲೊಳಗೆ ಬಹುದೂರ ಚಾಚಿಕೊಂಡಿದೆ. ಪ್ರತಿ ಸಲ ಹೋಗಿ ಬರುವಾಗಲೂ ಆ ಬಿಸಿಲಿನ ನಡಿಗೆ ಇದ್ದೇ ಇರುತ್ತದೆ. ಮಂಡಿನೋವು ಇರುವವರು ಗಾಲಿಕುರ್ಚಿಯ ನೆರವನ್ನು ಹಿಂದಿನ ದಿನವೇ ಹಡಗಿನ ಕಚೇರಿಯಲ್ಲಿ ಕೇಳಿಡಿ. ಕೊಡೆ ಬೇಡ, ಗಾಳಿಗೆ ಮಗುಚುತ್ತದೆ. ಗದ್ದಕ್ಕೆ ದಾರ ಕಟ್ಟುವ ಅಗಲ ಅಂಚಿನ ಟೋಪಿ ತನ್ನಿ.

ಪ್ರಶ್ನೆ: ಗಾಳಿ ಜೋರಿದೆ ಎಂದು ಗ್ರ್ಯಾಂಡ್ ಟರ್ಕ್‌ನಲ್ಲಿ ಹಡಗು ನಿಲ್ಲದೇ ಹೋದ ಉದಾಹರಣೆ ಕೇಳಿದ್ದೇವೆ. ಬಿಸಿಲಿದ್ದರೂ ಹೀಗೇಕೆ? ಖಾಸಗಿ ದೋಣಿಗೆ ಕಟ್ಟಿದ ಹಣದ ಗತಿಯೇನು?
(ಬೆಂಗಳೂರು)

ಉತ್ತರ: ಮಳೆಗೂ ಇದಕ್ಕೂ ಸಂಬಂಧ ಕಡಿಮೆ. ಈ ಕಟ್ಟೆ ಪಶ್ಚಿಮ ದಂಡೆಯಿಂದ ನೇರ ತೆರೆದ ಅಟ್ಲಾಂಟಿಕ್ ಕಡಲಿಗೆ ಚಾಚಿದೆ. ಸುತ್ತ ಅಲೆತಡೆ ಗೋಡೆಯಿರುವ ಬಂದರಲ್ಲ. ಹನ್ನೆರಡು ಹದಿನೈದು ಮಹಡಿಯ ಹಡಗಿನ ಪಕ್ಕೆ ಗಾಳಿಗೆ ಹಾಯಿಯಂತೆ ನಿಲ್ಲುತ್ತದೆ. ಅಡ್ಡಗಾಳಿ ಮಿತಿಮೀರಿದರೆ ಹಡಗು ಕಟ್ಟೆಗೆ ಬಡಿಯುವ, ಇಲ್ಲವೇ ಕಟ್ಟಿದ ಹಗ್ಗ ಹರಿಯುವ ಅಪಾಯವಿದೆ. ವರ್ಷದ ಬಹುಪಾಲು ಗಾಳಿ ಪೂರ್ವದಿಂದ ಬೀಸುವುದರಿಂದ ಪಶ್ಚಿಮದ ದಂಡೆ ಶಾಂತವಾಗಿರುತ್ತದೆ. ಚಳಿಗಾಲದಲ್ಲಿ ಉತ್ತರ ಅಮೆರಿಕದ ಶೀತಗಾಳಿ ಇಳಿದು ಬಂದಾಗ ಮಾತ್ರ ವಾಯವ್ಯ, ಉತ್ತರದಿಂದ ದೊಡ್ಡ ಅಲೆಗಳು ಈ ಕಡೆಗೂ ನುಗ್ಗುತ್ತವೆ. ಆಗ ಆಕಾಶ ನಿರ್ಮಲವಾಗಿದ್ದರೂ ಕ್ಯಾಪ್ಟನ್ ನಿಲ್ಲಿಸುವುದಿಲ್ಲ, ನಿಲ್ಲಿಸಬಾರದು ಕೂಡ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಆಗ ಇಡೀ ಮಾರ್ಗವೇ ಬದಲಾಗಬಹುದು.

ಹಡಗಿನ ಮೂಲಕವೇ ಕೊಂಡ ಪ್ರವಾಸದ ಹಣ ತಾನಾಗಿ ಮರಳುತ್ತದೆ. ಬಂದರು ಶುಲ್ಕವೂ ಸಾಮಾನ್ಯವಾಗಿ ನಿಮ್ಮ ಹಡಗಿನ ಖಾತೆಗೆ ಜಮೆಯಾಗುತ್ತದೆ. ಕ್ರೂಸ್ ಟಿಕೆಟ್ಟಿನ ಹಣ ಮಾತ್ರ ಬರುವುದಿಲ್ಲ, ಏಕೆಂದರೆ ನಿಲುಗಡೆ ಕೈಬಿಡುವ ಹಕ್ಕು ಕಂಪನಿಗೆ ಒಪ್ಪಂದದಲ್ಲೇ ಇರುತ್ತದೆ. ಖಾಸಗಿ ದೋಣಿಯವರ ಬಳಿ ಬುಕ್ ಮಾಡುವಾಗ ‘ಹಡಗು ನಿಲ್ಲದಿದ್ದರೆ ಪೂರ್ತಿ ಹಣ ವಾಪಸ್’ ಎಂಬುದು ಬರಹದಲ್ಲಿದೆಯೇ ನೋಡಿ. ಇಲ್ಲವಾದರೆ ಮುಂಗಡ ಕಟ್ಟಬೇಡಿ.

ಪ್ರಶ್ನೆ: ನಾನು ಎಚ್-1ಬಿ ಎಂಬ ಕೆಲಸದ ವೀಸಾದವನು, ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ಅವಧಿ ಮುಗಿದಿದೆ, ಐ-94 (ಅಮೆರಿಕದಲ್ಲಿ ಯಾವ ದಿನದವರೆಗೆ ಇರಬಹುದೆಂಬ ದಾಖಲೆ) ಚಾಲ್ತಿಯಲ್ಲಿದೆ. ಅಪ್ಪ ಅಮ್ಮನದು ಪ್ರವಾಸಿ ವೀಸಾ. ಕ್ರೂಸ್ ಹೊರಟಲ್ಲಿಗೇ ಮರಳುವುದರಿಂದ ತೊಂದರೆಯಿಲ್ಲ ಎಂದು ಗೆಳೆಯರು ಹೇಳುತ್ತಾರೆ, ನಿಜವೇ?
(ನ್ಯೂಜೆರ್ಸಿ)

ಉತ್ತರ: ಆ ಸಲಹೆಯನ್ನು ನಂಬಿ ಹಣ ಕಟ್ಟಬೇಡಿ. ಹೊರಟ ಬಂದರಿಗೇ ಮರಳುವ ಕ್ರೂಸ್‌ನಲ್ಲಿ ಪಾಸ್‌ಪೋರ್ಟಿನ ಬದಲು ಜನನ ಪ್ರಮಾಣಪತ್ರ, ಗುರುತಿನ ಚೀಟಿ ಸಾಕೆನ್ನುವ ರಿಯಾಯಿತಿ ಅಮೆರಿಕದ ಪ್ರಜೆಗಳಿಗೆ ಮಾತ್ರ. ಅವಧಿ ಮುಗಿದ ವೀಸಾ ಇಟ್ಟುಕೊಂಡು 30 ದಿನದೊಳಗೆ ಮರಳಬಹುದೆಂಬ ನಿಯಮ ಎಚ್-1ಬಿಯವರಿಗೆ ಅನ್ವಯಿಸುವುದು ಕೆನಡಾ ಮತ್ತು ಮೆಕ್ಸಿಕೋ ಪ್ರಯಾಣಕ್ಕೆ. ಹತ್ತಿರದ ದ್ವೀಪಗಳನ್ನೂ ಸೇರಿಸಿ ಆ ಸೌಲಭ್ಯ ಇರುವುದು ಎಫ್ (ವಿದ್ಯಾರ್ಥಿ) ಮತ್ತು ಜೆ (ವಿನಿಮಯ ಕಾರ್ಯಕ್ರಮ) ವೀಸಾದವರಿಗೆ. ಗೆಳೆಯರ ಗೊಂದಲ ಬಹುಶಃ ಇಲ್ಲಿಂದಲೇ ಹುಟ್ಟಿದೆ. ಹೊಸ ಮುದ್ರೆ ಬೀಳುವವರೆಗೆ ಈ ಪ್ರವಾಸ ಮುಂದೂಡಿ.

ಅಪ್ಪ ಅಮ್ಮನ ವೀಸಾ ಹಲವು ಸಲ ಪ್ರವೇಶಿಸಬಹುದಾದದ್ದೇ, ಮರಳುವ ದಿನದವರೆಗೂ ಚಾಲ್ತಿಯಲ್ಲಿರುತ್ತದೆಯೇ ನೋಡಿ. ಕ್ರೂಸ್ ಮುಗಿಸಿ ಬಂದರೆ ಹೊಸದಾಗಿ ಆರು ತಿಂಗಳು ಸಿಗುತ್ತದೆಂದು ಲೆಕ್ಕ ಹಾಕಬೇಡಿ, ಹಳೆಯ ಗಡುವೇ ಮುಂದುವರಿಯಬಹುದು. ಮರಳಿದ ಕೂಡಲೇ ಅಂತರಜಾಲದಲ್ಲಿ ಐ-94ರ ದಿನಾಂಕ ತೆಗೆದು ನೋಡಿ. ಇನ್ನು ದಾರಿಯಲ್ಲಿ ಬರುವ ಪ್ರತಿ ದ್ವೀಪಕ್ಕೂ ಭಾರತದ ಪಾಸ್‌ಪೋರ್ಟಿಗೆ ನಿಯಮ ಬೇರೆ. ದಂಡೆಗೆ ಇಳಿಯದೆ ಹಡಗಿನಲ್ಲೇ ಇರುತ್ತೇವೆ ಎಂದರೂ ಕಾಗದ ಸರಿಯಿಲ್ಲದವರನ್ನು ಕಂಪನಿ ಹತ್ತಿಸಿಕೊಳ್ಳುವುದಿಲ್ಲ. ಬುಕಿಂಗ್ ಸಂಖ್ಯೆ ಕೊಟ್ಟು ಇಮೇಲ್‌ನಲ್ಲಿ ಕೇಳಿ, ಬಂದ ಉತ್ತರದ ಪ್ರತಿಯನ್ನು ಬಂದರಿಗೆ ಒಯ್ಯಿರಿ.

ಪ್ರಶ್ನೆ: ನಾವು ಮೊಟ್ಟೆಯನ್ನೂ ತಿನ್ನದವರು. ದ್ವೀಪದಲ್ಲಿ ಊಟ ಸಿಗುತ್ತದೆಯೇ? ಚಪಾತಿ, ಚಿತ್ರಾನ್ನ ಕಟ್ಟಿಕೊಂಡು ಹೋಗಬಹುದೇ?
(ದಾವಣಗೆರೆ)

ಉತ್ತರ: ಹಡಗಿನಿಂದ ಹಣ್ಣು, ಬೇಯಿಸಿದ ಅಡುಗೆ ಕೆಳಗೆ ಒಯ್ಯುವಂತಿಲ್ಲ. ಕಾರ್ಖಾನೆಯಲ್ಲೇ ಮುಚ್ಚಿದ ಬಿಸ್ಕತ್, ಗೋಡಂಬಿ ಪೊಟ್ಟಣಗಳಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ.

ದ್ವೀಪದ ಊಟ ಎಂದರೆ ಕಾಂಕ್ ಎಂಬ ದೊಡ್ಡ ಶಂಖದ ಹುಳುವಿನ ಮಾಂಸ, ಮೀನು, ಕೋಳಿ. ನೀವು ಮೋಸಹೋಗುವುದು ಎರಡು ಕಡೆ. ‘ಪೀಸ್ ಆ್ಯಂಡ್ ರೈಸ್’ ಎಂದರೆ ಬರೀ ಕಾಳು, ಅಕ್ಕಿ ಅಂದುಕೊಳ್ಳುತ್ತೇವೆ. ಅದಕ್ಕೆ ಒಗ್ಗರಣೆಯ ಜಾಗದಲ್ಲಿ ಹಂದಿಯ ಕೊಬ್ಬನ್ನೋ ಉಪ್ಪುಗಟ್ಟಿದ ಮಾಂಸವನ್ನೋ ಹಾಕುವುದು ವಾಡಿಕೆ. ಆಲೂಗಡ್ಡೆಯ ಫ್ರೈಸ್ ಕೂಡ ಎಷ್ಟೋ ಕಡೆ ಮೀನು, ಕಾಂಕ್ ಕರಿದ ಎಣ್ಣೆಯಲ್ಲೇ ಕರಿಯುತ್ತಾರೆ. ‘ವೆಜಿಟೇರಿಯನ್ನಾ?’ ಎಂದು ಕೇಳಿದರೆ ಹೌದು ಎಂಬ ಉತ್ತರ ಬರಬಹುದು. ‘ಇದೇ ಎಣ್ಣೆಯಲ್ಲಿ ಮೀನು ಕರಿಯುತ್ತೀರಾ?’ ಎಂದು ಕೇಳಿ, ಆಗ ನಿಜ ಹೇಳುತ್ತಾರೆ. ಗ್ರ್ಯಾಂಡ್ ಟರ್ಕ್‌ನ ಅನುಕೂಲವೆಂದರೆ ಹಡಗು ಕಟ್ಟೆಗೇ ನಿಲ್ಲುತ್ತದೆ. ಮಧ್ಯಾಹ್ನ ಹಡಗಿಗೆ ಬಂದು ಉಂಡು ಮತ್ತೆ ಇಳಿಯಬಹುದು. ಹಡಗು ದೂರದಲ್ಲಿ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ದಂಡೆಗೆ ಸಾಗಿಸುವ ದ್ವೀಪಗಳಲ್ಲಿ ಈ ಓಡಾಟಕ್ಕೇ ಅರ್ಧ ದಿನ ಹೋಗುತ್ತದೆ. ಮೊಟ್ಟೆಯಿಲ್ಲದ ಊಟ ಬೇಕೆಂಬುದನ್ನು ಹಡಗಿಗೆ ಬುಕಿಂಗ್ ಹೊತ್ತಿಗೇ ತಿಳಿಸಿ, ಹತ್ತಿದ ಮೊದಲ ಸಂಜೆ ಊಟದ ಕೋಣೆಯ ಮುಖ್ಯಸ್ಥರಿಗೆ ಇನ್ನೊಮ್ಮೆ ಹೇಳಿ.

ಪ್ರಶ್ನೆ: ಈಜು ಬಾರದ, ಈಜುಡುಗೆ ತೊಡಲು ಮುಜುಗರಪಡುವ ಹೆಂಗಸರು ಚೂಡಿದಾರದಲ್ಲೇ ನೀರಿಗಿಳಿಯಬಹುದೇ?
(ಧಾರವಾಡ)

ಉತ್ತರ: ಹತ್ತಿಯ ಚೂಡಿದಾರ, ಸೀರೆ ಎರಡೂ ಬೇಡ. ಹತ್ತಿ ನೀರು ಹೀರಿ ಭಾರವಾಗುತ್ತದೆ, ಅಲೆ ಹಿಂದಕ್ಕೆಳೆಯುವಾಗ ಕಾಲಿಗೆ ಸುತ್ತಿಕೊಳ್ಳುತ್ತದೆ. ಮೊಣಕಾಲುದ್ದದ ನೀರಿನಲ್ಲೂ ಬೀಳುವುದು ಹೀಗೆಯೇ. ಈಜಿಗೆಂದೇ ಬರುವ ಲೈಕ್ರಾದ ಪೂರ್ಣತೋಳಿನ ಅಂಗಿ, ಪಾದದವರೆಗಿನ ಲೆಗ್ಗಿಂಗ್ ಸಿಗುತ್ತವೆ. ಮೈ ಮುಚ್ಚುತ್ತದೆ, ಬಿಸಿಲನ್ನೂ ತಡೆಯುತ್ತದೆ, ಕೊಳಕ್ಕೂ ಬಿಡುತ್ತಾರೆ.

ಮುಖ, ಕತ್ತು, ಕೈಪಾದಗಳಿಗೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಹಚ್ಚಿ. ಮೈ ಪೂರ್ತಿ ತೆರೆದಿದ್ದರೆ ಒಬ್ಬರಿಗೆ ಒಂದು ಸಲಕ್ಕೆ ಸುಮಾರು 30 ಮಿ.ಲೀ. ಬೇಕು. ಇಳಿಯುವ 15 ನಿಮಿಷ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಕಪ್ಪು ಮೈಗೆ ಬೇಕಿಲ್ಲ ಎಂಬ ನಂಬಿಕೆಯಿಂದ ಹೆಗಲು ಸುಟ್ಟುಕೊಂಡವರು ಬಹಳ. ಹವಳಕ್ಕೆ ಹಾನಿ ಕಡಿಮೆ ಮಾಡಲು ಆಕ್ಸಿಬೆಂಜೋನ್ ಇಲ್ಲದ, ಸತುವಿನ ಆಕ್ಸೈಡ್ ಇರುವುದನ್ನು ಕೊಳ್ಳಿ.

ಈಜು ಬಾರದವರು ಸೊಂಟದಾಳ ದಾಟಬೇಡಿ. ದಂಡೆಯಿಂದ ಕೆಲವು ನೂರು ಮೀಟರ್ ದೂರದಲ್ಲೇ ಹವಳದ ಗೋಡೆ ಎರಡು ಸಾವಿರ ಮೀಟರಿನಷ್ಟು ಆಳಕ್ಕೆ ಇಳಿಯುತ್ತದೆ. ದೊಡ್ಡ ಹಡಗು ಇಷ್ಟು ಹತ್ತಿರ ಬರಲು ಸಾಧ್ಯವಾಗಿರುವುದೂ ಕಡಲು ಬೇಗ ಆಳವಾಗುವುದರಿಂದಲೇ. ಕಾವಲಿನವರು ನೋಡಿಕೊಳ್ಳುತ್ತಾರೆಂದು ಕೂರದೆ, ಮನೆಯವರೊಬ್ಬರು ಸದಾ ದಂಡೆಯಲ್ಲಿ ನಿಂತು ಕಣ್ಣಿಟ್ಟಿರಲಿ. ಕಲ್ಲಿನ ಸಂದುಗಳಲ್ಲಿ ಸೀ ಅರ್ಚಿನ್ ಎಂಬ ಸೂಜಿಮುಳ್ಳಿನ ಜೀವಿ ಇರುತ್ತದೆ, ಬರಿಗಾಲಲ್ಲಿ ಹೋಗಬೇಡಿ. ರಬ್ಬರ್ ಅಡಿಯ ನೀರಿನ ಬೂಟನ್ನು ಮೊದಲೇ ಕೊಂಡಿಟ್ಟುಕೊಳ್ಳಿ.

ಪ್ರಶ್ನೆ: ಗಿಬ್ಸ್ ಕೇ ಎಂಬಲ್ಲಿ ತೊರಕೆ (ಸ್ಟಿಂಗ್‌ರೇ) ಮೀನುಗಳನ್ನು ಮುಟ್ಟಬಹುದಂತೆ. ಏಳು ವರ್ಷದ ಮಗನನ್ನು ಕರೆದೊಯ್ಯಬಹುದೇ?
(ಮಂಗಳೂರು)

ಉತ್ತರ: ಕರೆದೊಯ್ಯಬಹುದು. ಅದು ಜನವಸತಿಯಿಲ್ಲದ ಸಣ್ಣ ನಡುಗಡ್ಡೆ, ನೆರಳನ್ನೂ ಶೌಚಾಲಯವನ್ನೂ ನಿರೀಕ್ಷಿಸಬೇಡಿ. ಗಾಳಿಗೆದುರಾದ ಪೂರ್ವದ ಕಡೆಗಿರುವುದರಿಂದ ದೋಣಿ ಚೆನ್ನಾಗಿ ಕುಕ್ಕುತ್ತದೆ. ಬೆನ್ನುನೋವಿನವರು, ಗರ್ಭಿಣಿಯರು ಹೋಗಬಾರದು. ಮಗುವನ್ನು ದೋಣಿಯ ಹಿಂಭಾಗದಲ್ಲಿ ಕೂರಿಸಿ, ಅಲ್ಲಿ ಕುಕ್ಕಾಟ ಕಡಿಮೆ. ಜೀವರಕ್ಷಕ ಅಂಗಿ ಅವನ ಅಳತೆಯದೇ ಇದೆಯೇ ಎಂದು ಬುಕ್ ಮಾಡುವಾಗಲೇ ಕೇಳಿ. ದೊಡ್ಡವರದು ತೊಡಿಸಿದರೆ ನೀರಿನಲ್ಲಿ ಅಂಗಿ ಮೇಲೇರಿ ಮಗು ಕೆಳಗೆ ಜಾರುತ್ತದೆ.

ತೊರಕೆ ತಾನಾಗಿ ಮೇಲೆ ಬೀಳುವುದಿಲ್ಲ, ಬೆನ್ನ ಮೇಲೆ ಕಾಲಿಟ್ಟರೆ ಬಾಲದ ಮುಳ್ಳು ಎತ್ತುತ್ತದೆ. ಆದ್ದರಿಂದ ನೀರಿನಲ್ಲಿ ಹೆಜ್ಜೆ ಎತ್ತಿಡದೆ, ಮರಳಿನಲ್ಲಿ ಪಾದ ಎಳೆಯುತ್ತಾ ನಡೆಯಲು ಮಗನಿಗೆ ಹಿಂದಿನ ದಿನವೇ ಕಲಿಸಿ. ಬಾಲ ಮುಟ್ಟಬಾರದು, ನೀರಿನಿಂದ ಮೇಲೆತ್ತಬಾರದು. ಚುಚ್ಚಿದರೆ ಗಾಯವನ್ನು ಚರ್ಮ ಸುಡದಷ್ಟು ಬಿಸಿಯಾದ, ಸುಮಾರು 45 ಡಿಗ್ರಿ ಮೀರದ ನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಇಟ್ಟರೆ ನೋವು ಇಳಿಯುತ್ತದೆ. ಮುಳ್ಳು ಆಳಕ್ಕೆ ಹೋಗಿದ್ದರೆ ಕೀಳಬೇಡಿ, ಹಡಗಿನ ವೈದ್ಯರಿಗೆ ಬಿಡಿ. ಹವಳದ ಚೂರು, ಜೀವವಿರುವ ಶಂಖ ಎತ್ತಿಕೊಂಡು ಬರಬಾರದೆಂದೂ ಅವನಿಗೆ ಹೇಳಿಡಿ.

ಪ್ರಶ್ನೆ: ಫೋನಿನಲ್ಲಿ ಒಂದು ಗಂಟೆ, ಹಡಗಿನ ಗಡಿಯಾರದಲ್ಲಿ ಇನ್ನೊಂದು ಗಂಟೆ ತೋರಿಸಿದರೆ ಯಾವುದನ್ನು ನಂಬುವುದು? ಹಡಗು ತಪ್ಪಿದರೆ?
(ಶಿವಮೊಗ್ಗ)

ಉತ್ತರ: ಹಡಗಿನದನ್ನೇ. ಟರ್ಕ್ಸ್ ಮತ್ತು ಕೈಕೋಸ್ 2018ರಿಂದ ಮತ್ತೆ ಫ್ಲಾರಿಡಾದ ಮಯಾಮಿಯ ಸಮಯವನ್ನೇ ಪಾಲಿಸುತ್ತಿದೆ. ನಿಮ್ಮ ಹಡಗು ಪೋರ್ಟೊ ರಿಕೊ, ಸೇಂಟ್ ಥಾಮಸ್ ಮುಗಿಸಿ ಬರುತ್ತಿದ್ದರೆ ಅಲ್ಲಿ ಚಳಿಗಾಲದಲ್ಲಿ ಒಂದು ಗಂಟೆ ಮುಂದು. ಗೊಂದಲ ಹುಟ್ಟುವುದು ಅಲ್ಲೇ. ಫೋನಿನಲ್ಲಿ ಸಮಯ ತಾನಾಗಿ ಬದಲಾಗುವ ವ್ಯವಸ್ಥೆಯನ್ನು ನಿಲ್ಲಿಸಿ, ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಹೊಂದಿಸಿ. ಏರೋಪ್ಲೇನ್ ಮೋಡ್ ಕೂಡ ಹಾಕಿ, ಇಲ್ಲವಾದರೆ ಕಡಲ ನಡುವಿನ ಜಾಲಕ್ಕೆ ಫೋನ್ ಜೋಡಿಕೊಂಡು ದೊಡ್ಡ ಬಿಲ್ ಬರುತ್ತದೆ.

ಹಡಗಿನವರೇ ಮಾರಿದ ಪ್ರವಾಸ ತಡವಾದರೆ ಹಡಗು ಕಾಯುತ್ತದೆ. ಸ್ವಂತವಾಗಿ ಸುತ್ತಲು ಹೋದವರಿಗೆ ಕಾಯುವುದಿಲ್ಲ. ತಪ್ಪಿದರೆ ಇಲ್ಲಿಂದ ಪ್ರಾವಿಡೆನ್ಸಿಯಾಲೆಸ್ ದ್ವೀಪಕ್ಕೆ ಸಣ್ಣ ವಿಮಾನ, ಅಲ್ಲಿಂದ ಅಮೆರಿಕಕ್ಕೆ ದೊಡ್ಡ ವಿಮಾನ, ಎಲ್ಲ ನಿಮ್ಮದೇ ಖರ್ಚು. ಗಾಲ್ಫ್ ಗಾಡಿ ಬಾಡಿಗೆ ಪಡೆದವರು ಇನ್ನೂ ಬೇಗ ಹೊರಡಬೇಕು. ಅದರ ವೇಗ ಕಡಿಮೆ, ಸಂಜೆ ಮರಳಿಸುವ ಕಡೆ ಸಾಲು ನಿಂತಿರುತ್ತದೆ. ರಸ್ತೆಯ ಎಡಬದಿಯ ಸಂಚಾರ ನಮ್ಮವರಿಗೆ ರೂಢಿಯದೇ, ಅಮೆರಿಕದಲ್ಲಿ ವರ್ಷಗಟ್ಟಲೆ ಬಲಬದಿಯಲ್ಲಿ ಓಡಿಸಿದ ಮಕ್ಕಳು ಚಾಲಕರಾಗಿದ್ದರೆ ತಿರುವಿನಲ್ಲಿ ಪಕ್ಕ ಕೂತವರು ನೆನಪಿಸುತ್ತಿರಿ. ಇಳಿಯುವಾಗ ಹಡಗಿನ ಕಾರ್ಡು, ಫೋಟೊ ಇರುವ ಗುರುತಿನ ಚೀಟಿ, ಪಾಸ್‌ಪೋರ್ಟ್ ಮತ್ತು ವೀಸಾ ಪುಟದ ಜೆರಾಕ್ಸ್, ಒಂದು ದಿನಕ್ಕೆ ಹೆಚ್ಚುವರಿ ಮಾತ್ರೆ, ಹಡಗಿನ ಸ್ಥಳೀಯ ಏಜೆಂಟರ ದೂರವಾಣಿ ಸಂಖ್ಯೆ ಇವಿಷ್ಟನ್ನೂ ನೀರು ಹೋಗದ ಚೀಲದಲ್ಲಿ ಹಾಕಿಕೊಳ್ಳಿ. ಏಜೆಂಟರ ಸಂಖ್ಯೆ ಆ ದಿನದ ಹಡಗಿನ ಕಾರ್ಯಕ್ರಮ ಪಟ್ಟಿಯಲ್ಲಿ ಅಚ್ಚಾಗಿರುತ್ತದೆ, ಇಲ್ಲದಿದ್ದರೆ ಹಡಗಿನ ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಿ.