ಹಾವಿನ ವಿಷ, ಕಪ್ಪೆಯ ವಿಷ

ಪತ್ರ: ಹಿಂದಿನ ಸಂಚಿಕೆಯಲ್ಲಿ ನಾಗರಹಾವನ್ನೂ ಚರ್ಮದಲ್ಲಿ ವಿಷವಿರುವ ಬಾಣಗಪ್ಪೆಯನ್ನೂ ‘ವಿಷಕಾರಿ’ ಎಂದೇ ಬರೆದಿದ್ದೀರಿ. ಇಂಗ್ಲಿಷಿನಲ್ಲಿ ಚುಚ್ಚಿ ಒಳಸೇರಿಸುವುದಕ್ಕೆ ‘ವೆನಮ್’, ತಿಂದರೆ ಮುಟ್ಟಿದರೆ ತಗಲುವುದಕ್ಕೆ ‘ಪಾಯ್ಸನ್’ ಎಂದು ಬೇರೆ ಪದಗಳಿವೆಯಲ್ಲ? ಹಾಗಾದರೆ ಹಾವಿನ ವಿಷ ಕುಡಿದರೆ ಏನೂ ಆಗುವುದಿಲ್ಲವೇ?

ಉತ್ತರ: ನಿಮ್ಮ ಆಕ್ಷೇಪಣೆ ಸರಿ. ಕನ್ನಡದಲ್ಲಿ ವಿಷ, ನಂಜು ಎಂಬ ಎರಡು ಮಾತುಗಳಿದ್ದರೂ ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಿಬಿಡುತ್ತೇವೆ. ಆಯುರ್ವೇದದ ಸ್ಥಾವರ (ಗಿಡ, ಖನಿಜಗಳ ವಿಷ), ಜಂಗಮ (ಪ್ರಾಣಿಗಳ ವಿಷ) ಎಂಬ ವಿಂಗಡಣೆ ವಿಷ ಎಲ್ಲಿ ಹುಟ್ಟಿತು ಎಂಬುದನ್ನು ಹೇಳುತ್ತದೆ. ನೀವು ಕೇಳುತ್ತಿರುವುದು ಮೈಯೊಳಗೆ ಹೇಗೆ ಹೊಕ್ಕಿತು ಎಂಬುದನ್ನು. ಸದ್ಯಕ್ಕೆ ಚುಚ್ಚಿ ಒಳಸೇರಿಸುವುದನ್ನು ಚುಚ್ಚುವಿಷ, ತಿಂದಾಗ ಮುಟ್ಟಿದಾಗ ತಗಲುವುದನ್ನು ಮೈವಿಷ ಎಂದು ಕರೆಯೋಣ.

ನಾಗರಹಾವಿನದು ಚುಚ್ಚುವಿಷ. ಕಣ್ಣಿನ ಹಿಂದಿನ ಗ್ರಂಥಿಯಲ್ಲಿ ತಯಾರಾದದ್ದು, ಸ್ನಾಯು ಹಿಂಡಿದಾಗ ನಾಳದಲ್ಲಿ ಇಳಿದು ಟೊಳ್ಳು ಹಲ್ಲಿನಿಂದ ಸೂಜಿಮದ್ದಿನಂತೆ ಒಳಹೋಗುತ್ತದೆ. ಚೇಳಿಗೆ ಕೊಂಡಿ, ಜೇನಿಗೆ ಮುಳ್ಳು. ಮೈವಿಷದ ಪ್ರಾಣಿಗೆ ಸಾಮಾನ್ಯವಾಗಿ ಇಂಥ ಸಲಕರಣೆ ಇರುವುದಿಲ್ಲ. ಒರಟು ಮೈಯ ನೆಲಗಪ್ಪೆಯನ್ನು ನಾಯಿ ಕಚ್ಚಿದರೆ, ಕಪ್ಪೆಯ ಕಣ್ಣಿನ ಹಿಂದಿನ ಉಬ್ಬಿನಿಂದ ಹಾಲಿನಂಥ ರಸ ಒಸರುತ್ತದೆ. ನಾಯಿ ಜೊಲ್ಲು ಸುರಿಸುತ್ತ ಬಾಯಿ ಒರೆಸಿಕೊಳ್ಳುತ್ತದೆ; ರಸ ಹೆಚ್ಚು ಒಳಹೋದರೆ ಹೃದಯದ ಬಡಿತವೇ ತಪ್ಪುತ್ತದೆ. ಕೊಲಂಬಿಯಾದ ಹೊಂಬಣ್ಣದ ಬಾಣಗಪ್ಪೆಯದಂತೂ ತಿಂದ ಹುಳುಗಳಿಂದ ಕೂಡಿಸಿಕೊಂಡ ವಿಷ. ಗಾಜಿನ ಪೆಟ್ಟಿಗೆಯಲ್ಲಿ ಹುಟ್ಟಿ ಬೆಳೆದ ಕಪ್ಪೆಯಲ್ಲಿ ಅದು ಇರುವುದೇ ಇಲ್ಲ.

ಇನ್ನು ಕುಡಿಯುವ ಮಾತು. ಹಾವಿನ ವಿಷದ ಬಹುಪಾಲು ಪ್ರೋಟೀನು. ಜಠರದ ಆಮ್ಲ, ಕಿಣ್ವಗಳು ಅದನ್ನು ಮೊಟ್ಟೆಯ ಬಿಳಿಯಂತೆ ಒಡೆದುಹಾಕುತ್ತವೆ. ಆದರೆ ಒಸಡಿನಲ್ಲೊಂದು ಗಾಯ, ಹೊಟ್ಟೆಯಲ್ಲೊಂದು ಹುಣ್ಣು ಇದ್ದರೆ ಈ ಲೆಕ್ಕವೆಲ್ಲ ತಲೆಕೆಳಗು. ದಯವಿಟ್ಟು ಪರೀಕ್ಷಿಸಬೇಡಿ. ಕಚ್ಚಿದ ಜಾಗವನ್ನು ಬಾಯಲ್ಲಿ ಹೀರುವುದೂ ಬೇಡ. ಹೊರಬರುವ ವಿಷ ತೀರಾ ಅಲ್ಪ.

ಚೆಂಡಿನಂತೆ ಉಬ್ಬುವ ಪಫರ್ ಮೀನಿನ ಕಥೆ ಬೇರೆ. ಅದರ ಯಕೃತ್ತು, ಅಂಡಾಶಯಗಳಲ್ಲಿರುವ ಟೆಟ್ರೊಡೊಟಾಕ್ಸಿನ್ ಎಂಬ ವಿಷ ಪ್ರೋಟೀನಲ್ಲ, ಪುಟ್ಟ ಅಣು. ಕುದಿಸಿದರೂ ಕೆಡದು, ಕರುಳಿನಿಂದ ಸಲೀಸಾಗಿ ರಕ್ತಕ್ಕಿಳಿಯುತ್ತದೆ. ಹಾವು ಕಚ್ಚಿದರೆ ಕುದುರೆಯ ರಕ್ತದಿಂದ ತಯಾರಿಸಿದ ಪ್ರತಿವಿಷವಿದೆ, ಇದಕ್ಕೆ ಇಲ್ಲ. ಉಸಿರಾಟದ ಸ್ನಾಯು ಸೋತರೆ ವೆಂಟಿಲೇಟರಿನಲ್ಲಿಟ್ಟು, ವಿಷ ಇಳಿಯುವ ತನಕ ಕಾಯಬೇಕು. ಇದೇ ಟೆಟ್ರೊಡೊಟಾಕ್ಸಿನ್ ನೀಲಿ ಉಂಗುರದ ಆಕ್ಟೋಪಸ್ಸಿನ ಜೊಲ್ಲಿನಲ್ಲೂ ಇದೆ. ಅದು ಕಚ್ಚಿದಾಗ ಇದೇ ಪದಾರ್ಥ ಚುಚ್ಚುವಿಷ! ಅಂದರೆ ಹೆಸರು ಬದಲಾಗುವುದು ಹೊಕ್ಕ ದಾರಿಯಿಂದ.

ಎರಡನ್ನೂ ಇಟ್ಟುಕೊಂಡವೂ ಇವೆ. ಜಪಾನಿನ ಯಾಮಕಾಗಶಿ ಹಾವು ಹಿಂದಿನ ಹಲ್ಲಿನಿಂದ ವಿಷ ಇಳಿಸುತ್ತದೆ. ಜೊತೆಗೆ ತಾನು ನುಂಗಿದ ನೆಲಗಪ್ಪೆಗಳ ವಿಷವನ್ನು ಕುತ್ತಿಗೆಯ ಗ್ರಂಥಿಗಳಲ್ಲಿ ಕೂಡಿಡುತ್ತದೆ. ನೆಲಗಪ್ಪೆ ಸಿಗದ ದ್ವೀಪದ ಯಾಮಕಾಗಶಿಗಳ ಕುತ್ತಿಗೆಯಲ್ಲಿ ಈ ವಿಷವಿಲ್ಲ.

ಉಪಚಾರವೂ ದಾರಿ ನೋಡಿಯೇ. ಹಾವು ಕಚ್ಚಿದ್ದರೆ ಉಂಗುರ, ಬಳೆ ತೆಗೆದು, ಕೈಕಾಲು ಅಲುಗಿಸದೆ ಆಸ್ಪತ್ರೆಗೆ ಒಯ್ಯಿರಿ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ. ಉಗುಳುವ ನಾಗರದ ವಿಷ ಕಣ್ಣಿಗೆ ಬಿದ್ದಿದ್ದರೆ ಉಜ್ಜದೆ, ಕೂಡಲೇ ಶುದ್ಧ ನೀರಿನಿಂದ 15–20 ನಿಮಿಷ ತೊಳೆದು ವೈದ್ಯರ ಬಳಿ ಹೋಗಿ. ವಿಷದ ಮೀನು ತಿಂದಿದ್ದರೆ ತುಟಿ ಜೋಮು ಹಿಡಿಯುವುದೇ ಎಚ್ಚರಿಕೆ. ವೈದ್ಯರು ಹೇಳದೆ ವಾಂತಿ ಮಾಡಿಸಬೇಡಿ, ಉಳಿದ ತುಂಡನ್ನು ಜೊತೆಗೆ ಒಯ್ಯಿರಿ.

ಮುಂದಿನ ಸಂಚಿಕೆಯಿಂದ ಹಾವಿಗೆ ‘ವಿಷ ಚುಚ್ಚುವ’, ಕಪ್ಪೆಗೆ ‘ಮೈಯಲ್ಲಿ ವಿಷವಿರುವ’ ಎಂದೇ ಅಚ್ಚು ಹಾಕುತ್ತೇವೆ, ಉದ್ದವಾದರೂ ಸರಿ.
— ಸಂ.