ಗುಟ್ಟಲ್ಲ, ಒಗಟೂ ಅಲ್ಲ: ‘ರಾಝ್’

ಪ್ರಶ್ನೆ: ಬೈಬಲಿನ ದಾನಿಯೇಲನ ಪುಸ್ತಕದಲ್ಲಿ ‘ರಹಸ್ಯ’ ಅಂತ ಬರುವ ಕಡೆ ಮೂಲದಲ್ಲಿ ‘ರಾಝ್’ ಅನ್ನೋ ಅರಮಾಯಿಕ್ ಪದ ಇದೆಯಂತೆ. ಹಿಂದಿ ಹಾಡುಗಳಲ್ಲಿ ಕೇಳುವ ರಾಝ್ ಇದೇನಾ? ಇದಕ್ಕೆ ಸುಮ್ನೆ ಗುಟ್ಟು ಅಂತಲೇ ಅರ್ಥವಾ?

ಉತ್ತರ: ಹೌದು, ಅದೇ ಪದ. ಹುಟ್ಟಿದ್ದು ಇರಾನಿನ ಹಳೆಯ ಭಾಷೆಯಲ್ಲಿ. ಕ್ರಿ.ಪೂ. 539ರಲ್ಲಿ ಪರ್ಶಿಯದ ರಾಜ ಕೋರೆಷ (ಸೈರಸ್) ಬಾಬಿಲೋನನ್ನು ಗೆದ್ದ ಮೇಲೆ ಸುಮಾರು ಎರಡು ಶತಮಾನ ಪರ್ಶಿಯನ್ನರೇ ಆಳಿದರು, ಆದರೆ ಆಡಳಿತದ ಕಾಗದಪತ್ರ ಬಹುಪಾಲು ನಡೆದದ್ದು ಅರಮಾಯಿಕ್‌ನಲ್ಲಿ. ಹಾಗಾಗಿ ಆಳುವವರ ಪದಗಳು ಅದರೊಳಗೆ ಸೇರಿಕೊಂಡವು, ಕನ್ನಡಕ್ಕೆ ಸರ್ಕಾರ, ದರ್ಬಾರು ಬಂದ ಹಾಗೆ. ಉರ್ದು, ಹಿಂದಿಗೆ ಈ ಪದ ಬಂದದ್ದು ಬಹಳ ಕಾಲದ ನಂತರ, ಬೇರೆ ದಾರಿಯಿಂದ.

ಬೈಬಲಿನಲ್ಲಿ ಈ ಪದ ಖಚಿತವಾಗಿ ಸಿಗೋದು ದಾನಿಯೇಲನಲ್ಲಿ ಮಾತ್ರ, ಒಟ್ಟು 9 ಸಲ. ಅದರಲ್ಲಿ 8 ಸಲ 2ನೇ ಅಧ್ಯಾಯದಲ್ಲೇ ಬರುತ್ತದೆ. ಹಾಗಾಗಿ ಅರ್ಥ ಬೇಕಿದ್ದರೆ ನಿಘಂಟಿಗಿಂತ ಆ ಅಧ್ಯಾಯವನ್ನೇ ನಿಧಾನವಾಗಿ ಓದಬೇಕು. ಬಾಬಿಲೋನಿನ ರಾಜ ನೆಬೂಕದ್ನೆಚ್ಚರನಿಗೆ ಕನಸು ಬೀಳುತ್ತದೆ. ಅವನು ಅದರ ಅರ್ಥ ಕೇಳೋದಷ್ಟೇ ಅಲ್ಲ, ಕನಸು ಏನು ಅನ್ನೋದನ್ನೂ ನೀವೇ ಹೇಳಿ, ಇಲ್ಲದಿದ್ದರೆ ತುಂಡು ತುಂಡು ಮಾಡಿಸುತ್ತೇನೆ ಅಂತಾನೆ. ಆಸ್ಥಾನದ ಪಂಡಿತರು ಕೈಚೆಲ್ಲುತ್ತಾರೆ. ಇದನ್ನು ಹೇಳಬಲ್ಲ ಮನುಷ್ಯ ಭೂಮಿ ಮೇಲೆ ಯಾರೂ ಇಲ್ಲ, ದೇವರುಗಳಿಗೆ ಮಾತ್ರ ಸಾಧ್ಯ, ಅವರೋ ಮನುಷ್ಯರ ಜೊತೆ ವಾಸ ಮಾಡುವವರಲ್ಲ ಅನ್ನೋದು ಅವರ ಉತ್ತರ. ನನಗೆ ಇಡೀ ಅಧ್ಯಾಯದ ಕೀಲಿ ಇಲ್ಲೇ ಇದೆ ಅನ್ನಿಸುತ್ತದೆ. ಪಂಡಿತರು ಹೇಳಿದ್ದರಲ್ಲಿ ಅರ್ಧ ನಿಜ. ಮನುಷ್ಯನಿಂದ ಆಗೋದಿಲ್ಲ ಅನ್ನೋದನ್ನು, ಆ ಪಂಡಿತರ ಜೊತೆಗೇ ಸಾಯಬೇಕಾಗಿದ್ದ ಯಹೂದಿ ಸೆರೆಯಾಳು ದಾನಿಯೇಲನೂ ಒಪ್ಪುತ್ತಾನೆ. ಉಳಿದ ಅರ್ಧವನ್ನು ಒಪ್ಪೋದಿಲ್ಲ: ಪರಲೋಕದಲ್ಲಿ ರಾಝ್‌ಗಳನ್ನು ಬಯಲು ಮಾಡುವ ದೇವರೊಬ್ಬ ಇದ್ದಾನೆ ಅಂತಾನೆ.

ಗಮನಿಸಬೇಕಾದದ್ದು ಆ ‘ಬಯಲು ಮಾಡು’ ಅನ್ನೋ ಕ್ರಿಯಾಪದ. 2ನೇ ಅಧ್ಯಾಯದ 8 ರಾಝ್‌ಗಳಲ್ಲಿ 6 ಅದರ ಜೊತೆಗೇ ಬರುತ್ತವೆ. ಎಲ್ಲೂ ದಾನಿಯೇಲ ರಾಝ್ ಅನ್ನು ‘ಬಿಡಿಸಿದ’ ಅಂತಿಲ್ಲ. ಒಗಟಾಗಿದ್ದರೆ ಬುದ್ಧಿವಂತ ಬಿಡಿಸುತ್ತಿದ್ದ, ಬರೀ ಗುಟ್ಟಾಗಿದ್ದರೆ ಯಾರೋ ಬಾಯಿಬಿಟ್ಟಾಗ ರಟ್ಟಾಗುತ್ತಿತ್ತು. ಇಲ್ಲಿ ಎರಡೂ ಅಲ್ಲ. ದಾನಿಯೇಲ ಮತ್ತು ಅವನ ಮೂವರು ಗೆಳೆಯರು ದೇವರ ಕರುಣೆಗಾಗಿ ಬೇಡಿಕೊಳ್ಳುತ್ತಾರೆ, ರಾತ್ರಿಯ ದರ್ಶನದಲ್ಲಿ ಅದು ದಾನಿಯೇಲನಿಗೆ ಬಯಲಾಗುತ್ತದೆ, ಮರುದಿನ ರಾಜನೆದುರು ನಿಂತ ದಾನಿಯೇಲ ಬೇರೆಯವರಿಗಿಂತ ನನಗೆ ಜಾಸ್ತಿ ಜ್ಞಾನ ಇದೆ ಅಂತ ಇದು ಗೊತ್ತಾದದ್ದಲ್ಲ ಅಂತ ಮೊದಲೇ ಹೇಳಿಬಿಡುತ್ತಾನೆ (2:30). ತಲೆ ಉಳಿಸಿಕೊಳ್ಳಲು ಬಂದವನು, ಹೆಸರು ಮಾಡುವ ಅವಕಾಶ ಕೈಯಲ್ಲಿದ್ದವನು, ಮೊದಲು ಆಡಿದ ಮಾತು ಇದು.

ಇನ್ನು ಆ ಕನಸಿನ ಒಳಗಿನ ವಿಷಯ: ಚಿನ್ನದ ತಲೆ, ಬೆಳ್ಳಿಯ ಎದೆ, ಕಂಚಿನ ಹೊಟ್ಟೆ, ಕಬ್ಬಿಣದ ಕಾಲು, ಕಬ್ಬಿಣ ಮತ್ತು ಮಣ್ಣು ಬೆರೆತ ಪಾದ ಇರುವ ಪ್ರತಿಮೆ, ಯಾರ ಕೈಯೂ ತಾಗದೆ ಬಂದ ಕಲ್ಲು ಅದನ್ನು ಪುಡಿ ಮಾಡುತ್ತದೆ. ಒಂದರ ನಂತರ ಒಂದು ಸಾಮ್ರಾಜ್ಯ ಬೀಳುತ್ತದೆ, ಕೊನೆಗೆ ಉಳಿಯುವುದು ದೇವರ ರಾಜ್ಯ. ಅಂದರೆ ರಾಝ್ ಎನ್ನುವುದು ಚರಿತ್ರೆಯ ಬಗ್ಗೆ ದೇವರು ಮೊದಲೇ ತೀರ್ಮಾನಿಸಿ, ಸಮಯ ಬರುವ ತನಕ ಮುಚ್ಚಿಟ್ಟ ಯೋಜನೆ. ಗ್ರೀಕ್‌ಗೆ ಅನುವಾದಿಸಿದವರು ಇದಕ್ಕೆ ‘ಮಿಸ್ಟೇರಿಯೋನ್’ ಅನ್ನೋ ಪದ ಹಾಕಿದರು. ಮಾರ್ಕ 4:11ರಲ್ಲಿ ಯೇಸು ದೇವರ ರಾಜ್ಯದ ರಹಸ್ಯ ನಿಮಗೆ ಕೊಡಲಾಗಿದೆ ಅನ್ನುವಾಗಲೂ ಇದೇ ಗ್ರೀಕ್ ಪದ. ಅಲ್ಲೂ ‘ಕೊಡಲಾಗಿದೆ’ ಅಂತಲೇ ಇದೆ, ನೀವು ಕಂಡುಹಿಡಿದಿರಿ ಅಂತಿಲ್ಲ.

ಪ್ರಶ್ನೆ: ಹಾಗಾದರೆ ಇದು ಆಯ್ದ ಕೆಲವರ ಸ್ವತ್ತಾ? ಸತ್ತ ಸಮುದ್ರದ ಸುರುಳಿಗಳನ್ನು (ಯಹೂದಿಗಳ ಪುರಾತನ ಹಸ್ತಪ್ರತಿಗಳು) ಬರೆದವರು ಹಾಗೆ ನಂಬಿದ್ದರಂತೆ.

ಉತ್ತರ: ಸ್ವಲ್ಪಮಟ್ಟಿಗೆ ನಿಜ. 1947ರ ಹೊತ್ತಿಗೆ ಸತ್ತ ಸಮುದ್ರದ ದಡದ ಕುಮ್ರಾನ್ ಗವಿಗಳಲ್ಲಿ ಸಿಕ್ಕ ಮೊದಲ ಸುರುಳಿಗಳಲ್ಲೇ ಬೈಬಲಿನ ಪ್ರವಾದಿ ಹಬಕ್ಕೂಕನ ಪುಸ್ತಕಕ್ಕೆ ಬರೆದ ವ್ಯಾಖ್ಯಾನ ಒಂದಿದೆ. ಪ್ರವಾದಿಗೆ ಬರೆ ಅಂತ ಹೇಳಿದ ದೇವರು ಅಂತ್ಯಕಾಲ ಹೇಗೆ ಮುಗಿಯುತ್ತದೆ ಅನ್ನೋದನ್ನು ಅವನಿಗೇ ತಿಳಿಸಲಿಲ್ಲ, ಪ್ರವಾದಿಗಳ ಮಾತಿನ ಎಲ್ಲ ರಾಝ್‌ಗಳನ್ನು ತಿಳಿಸಿದ್ದು ತಮ್ಮ ಪಂಥದ ನಾಯಕನಾದ ‘ನೀತಿಯ ಗುರು’ವಿಗೆ ಅನ್ನುತ್ತದೆ ಅದು. ಬರೆದವನಿಗೇ ಗೊತ್ತಿಲ್ಲದ್ದು ಓದಿದವನಿಗೆ ಗೊತ್ತು! ಎಷ್ಟು ದೊಡ್ಡ ಮಾತು ಅಲ್ವಾ?

ಆದರೆ ಅದೇ ಗವಿಗಳಲ್ಲಿ ಉಪದೇಶದ ಇನ್ನೊಂದು ಬರಹವೂ ಸಿಕ್ಕಿದೆ. ಅದರಲ್ಲಿ ‘ರಾಝ್ ನಿಹ್ಯೆ’ ಅನ್ನೋ ಮಾತು ಮತ್ತೆ ಮತ್ತೆ ಬರುತ್ತದೆ, ಹೆಚ್ಚುಕಡಿಮೆ ‘ಆಗಲಿರುವುದರ ರಹಸ್ಯ’ ಅಂತ. ಹಗಲೂ ರಾತ್ರಿ ಅದನ್ನೇ ಧ್ಯಾನಿಸು ಅಂತ ಹೇಳುತ್ತದೆ. ಹೇಳುವುದು ಯಾರಿಗೆ ಗೊತ್ತಾ? ನೀನು ಬಡವ, ಆದರೆ ಬಡವನಾದ್ದರಿಂದ ಜ್ಞಾನ ಹುಡುಕಲಾರೆ ಅಂತ ಹೇಳಬೇಡ ಅನ್ನುತ್ತದೆ. ಈ ಸಾಲು ನನಗೆ ಬಹಳ ಇಷ್ಟ. ಅರಮನೆಯ ಪಂಡಿತರಿಗೆ ಸಿಗದದ್ದು ಸಾಲದಲ್ಲಿ ಮುಳುಗಿದವನಿಗೂ ಸಿಗಬಹುದು ಅಂತ ನಂಬಿದ್ದವರೂ ಅಲ್ಲಿದ್ದರು ಅಂತಾಯಿತು.

ಪ್ರಶ್ನೆ: ರಾಝ್‌ನ ಅಕ್ಷರಗಳಲ್ಲಿ ಸಂಖ್ಯೆಯ ಸಂಕೇತ ಅಡಗಿದೆ ಅಂತ ಒಂದು ವಿಡಿಯೋದಲ್ಲಿ ಕೇಳಿದೆ. ನಿಜವಾ?

ಉತ್ತರ: ಹೀಬ್ರೂ ಅಕ್ಷರಗಳಿಗೆ ಸಂಖ್ಯೆಯ ಬೆಲೆ ಇದೆ. ರಾಝ್ 207, ಬೆಳಕು ಅನ್ನೋ ಅರ್ಥದ ‘ಓರ್’ ಕೂಡ 207. ಯಹೂದಿ ಅನುಭಾವಿಗಳು ಇದನ್ನು ಹಿಡಿದು ಧ್ಯಾನಿಸಿದ್ದಾರೆ, ಅದಕ್ಕೆ ಅದರದೇ ಸೊಗಸಿದೆ. ಆದರೆ ಅದು ದಾನಿಯೇಲನ ಕಾಲಕ್ಕಿಂತ ಬಹಳ ಈಚಿನದು. ಅದನ್ನಿಟ್ಟುಕೊಂಡು ಲೋಕಾಂತ್ಯದ ತಾರೀಖು ಲೆಕ್ಕ ಹಾಕುವವರನ್ನು ದಯವಿಟ್ಟು ನಂಬಬೇಡಿ. ನೆಬೂಕದ್ನೆಚ್ಚರನ ಆಸ್ಥಾನದಲ್ಲಿ ಇಂಥ ಲೆಕ್ಕ ಬಲ್ಲವರಿಗೇನೂ ಕೊರತೆ ಇರಲಿಲ್ಲ.