ಅಕ್ಕನ ಗುಳಿಗಿ ನುಂಗಿದ್ ಮ್ಯಾಲೆ ಅಳುನೇ ಬರ್ಲಿಲ್ಲ, ಯಾಕ್ರಿ?

ಪ್ರಶ್ನೆ: ಮೇಡಂ ನಮಸ್ಕಾರ್ರಿ. ನಾನು ಗಂಗಾವತಿ ಕಡೆಯಾಕಿ, ವಯಸ್ಸು 29, ಬಿಪಿ ಶುಗರ್ ಏನೂ ಇಲ್ಲ. ಹೋದ ತಿಂಗಳು ತಂಗಿ ಮದುವಿ ಇತ್ತು, ಹಿಂದಿನ ರಾತ್ರಿ ನಿದ್ದಿ ಇಲ್ಲ, ಎದಿ ಢವಢವ ಅಂತಿತ್ತು, ಅದಕ್ಕ ನಮ್ಮ ದೊಡ್ಡಕ್ಕ ತಾನು ದಿನಾ ತಗೊಳ್ಳೋ ಅಲ್ಪ್ರಜೋಲಾಂ ಗುಳಿಗಿ ಒಂದು ಕೊಟ್ಲು. ಆರಾಮಾತು ಖರೆ. ಆದ್ರ ಉಡಿ ತುಂಬಿ ತಂಗೀನ ಕಳಿಸುವಾಗ ಅವ್ವ, ಕಾಕಿ ಎಲ್ಲಾರೂ ಗೋಳೋ ಅಂತ ಅಳಾಕತ್ತಿದ್ರು, ನಂಗ ಒಂದು ಹನಿ ಕಣ್ಣೀರು ಬರ್ಲಿಲ್ಲ, ಯಾರದೋ ಮದುವಿ ನೋಡಿದಂಗಿತ್ತು. ಕಲ್ಲೆದಿಯಾಕಿ ಅಂದ್ರು. ನಾ ಹಿಂಗೇ ಉಳಿತೀನೇನ್ರಿ?

ಉತ್ತರ: ಇಲ್ಲಮ್ಮ, ಉಳಿಯಲ್ಲ. ಒಂದು ಗುಳಿಗೆ ಒಂದೆರಡು ದಿನದಲ್ಲಿ ಮೈಯಿಂದ ಹೋಗಿಬಿಡುತ್ತೆ, ತಂಗಿ ಮೇಲಿನ ಪ್ರೀತಿ ಎಲ್ಲೂ ಹೋಗಿಲ್ಲ.

ಮೆದುಳಲ್ಲಿ ಗಾಬಾ ಅನ್ನೋ ರಾಸಾಯನಿಕ ಇದೆ, ನರಗಳ ಓಟಕ್ಕೆ ಬ್ರೇಕ್ ಹಾಕೋದೇ ಅದರ ಕೆಲಸ. ಅಲ್ಪ್ರಜೋಲಾಂ, ಲೋರಾಜಿಪಾಂ, ಡಯಾಜಿಪಾಂ ಅನ್ನೋ ಆತಂಕ ತಗ್ಗಿಸೋ ಗುಳಿಗೆಗಳೆಲ್ಲಾ ಆ ಬ್ರೇಕನ್ನ ಇನ್ನೂ ಬಿಗಿ ಮಾಡ್ತವೆ, ಆದ್ರೆ ಭಯ ಒಂದನ್ನೇ ಆರಿಸಿ ತೆಗೆಯೋ ಶಕ್ತಿ ಅವಕ್ಕಿಲ್ಲ, ಜೊತೆಗೆ ಬೇರೆ ಭಾವನೆನೂ ಮಂಕಾಗಬಹುದು. ಅಮೆರಿಕದ ಸಂಶೋಧಕರು 2005ರಲ್ಲಿ ಒಂದು ಅಧ್ಯಯನ ಪ್ರಕಟ ಮಾಡಿದ್ರು, ನಿಮ್ಮಂಗೆ ಯಾವ ಕಾಯಿಲೆನೂ ಇಲ್ಲದ 15 ಜನಕ್ಕೆ ಒಂದು ಸಲ ಔಷಧಿನೇ ಇಲ್ಲದ ಹುಸಿಗುಳಿಗೆ, ಒಂದು ಸಲ 0.25 ಮಿಲಿಗ್ರಾಂ ಲೋರಾಜಿಪಾಂ, ಇನ್ನೊಂದು ಸಲ 1 ಮಿಲಿಗ್ರಾಂ ಕೊಟ್ಟು, ಸಿಟ್ಟು, ಭಯ, ಖುಷಿ ಇರೋ ಮುಖಗಳನ್ನ ತೋರಿಸ್ತಾ ಮೆದುಳು ಸ್ಕ್ಯಾನ್ ಮಾಡಿದ್ರು. ಡೋಸ್ ಏರಿದಂಗೆ ಅಮಿಗ್ಡಾಲಾ, ಇನ್ಸುಲಾ ಅನ್ನೋ ಭಾವನೆಯ ಭಾಗಗಳ ಚುರುಕು ಇಳೀತಾ ಬಂತು. ಅವರಿಗೆ ವಾಸಿಯಾಗೋಕೆ ಕಾಯಿಲೆನೇ ಇರಲಿಲ್ಲ ಅನ್ನೋದನ್ನ ಗಮನಿಸಿ, ಅಂದ್ರೆ ಚುರುಕು ಇಳಿಸಿದ್ದು ಗುಳಿಗೆನೇ. ಇನ್ನೊಂದು, ಈ ಗುಳಿಗೆ ಕೆಲಸ ಮಾಡೋ ಹೊತ್ತಲ್ಲಿ ಹೊಸ ನೆನಪು ಸರಿಯಾಗಿ ಕೂರಲ್ಲ, ಅವತ್ತಿನ ಮಾತು ಕೆಲವು ಮರೆತಿದ್ರೆ ಗಾಬರಿ ಆಗಬೇಡಿ. ರಾತ್ರಿಯಿಡೀ ನಿದ್ದೆ ಇಲ್ಲದ್ದೂ ಸೇರಿರುತ್ತೆ ಬಿಡಿ.

ನಂಗೆ ನಿಜವಾಗ್ಲೂ ಸಂಕಟ ಆಗೋದು ಈ ಗುಳಿಗೆ ಮನೆಮನೆಯಲ್ಲಿ ಕೈಯಿಂದ ಕೈಗೆ ಹೋಗೋದು ನೋಡಿದ್ರೆ, ಪರೀಕ್ಷೆಗೊಂದು, ಇಂಟರ್‌ವ್ಯೂಗೊಂದು, ಮದುವೆಗೊಂದು. ಚೀಟಿ ಇಲ್ಲದೆ ಮೆಡಿಕಲ್ ಶಾಪಲ್ಲಿ ಕೊಡಂಗೇ ಇಲ್ಲ, ಶೆಡ್ಯೂಲ್ ಎಚ್1 ಔಷಧಿ ಇದು, ಅಂಗಡಿಯವ್ರು ರಿಜಿಸ್ಟರಲ್ಲಿ ಬರೆದಿಡಬೇಕು. ನಮ್ಮ ರಾಯಚೂರು ಗಡಿ ಕಡೆ ಕಲಬೆರಕೆ ಸೇಂದಿಗೆ ಇದೇ ಅಲ್ಪ್ರಜೋಲಾಂ ಪುಡಿ ಬೆರೆಸ್ತಾರೆ, ಅದಕ್ಕೆ ಬಿದ್ದವ್ರಿಗೆ ಸೇಂದಿ ಸಿಗದ ದಿನ ಕೈಕಾಲು ನಡುಕ, ಫಿಟ್ಸ್ ಬರುತ್ತೆ. ಹೆಂಡದ ಜೊತೆ ಈ ಗುಳಿಗೆ ಸೇರಿದ್ರೆ ಉಸಿರಿಗೇ ಕುತ್ತು.

ನಿಮ್ಮಕ್ಕನ ಚಿಂತೆ ನಂಗೆ ಜಾಸ್ತಿ. ಇದನ್ನ ಓದಿ ಹೆದರಿ ಗುಳಿಗೆ ದಿಢೀರ್ ಬಿಡೋದು ಬೇಡ ಅಂತ ಹೇಳಿ, ದಿನಾ ತಗೊಳ್ಳೋರು ಡಾಕ್ಟರ್ ಹೇಳಿದಂಗೆ ಸ್ವಲ್ಪ ಸ್ವಲ್ಪನೇ ಇಳಿಸಬೇಕು. ಎಷ್ಟು ದಿನದಿಂದ ನಡೀತಿದೆ ಕೇಳಿ, ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಜಿಲ್ಲೆ ಮಟ್ಟದಲ್ಲಿ ಮಾನಸಿಕ ಚಿಕಿತ್ಸೆ ಕೊಡಬಹುದು ಅಂತ ನಿಮ್ಹಾನ್ಸ್‌ನವರು 1985ರಲ್ಲಿ ದೇಶಕ್ಕೇ ಮಾದರಿ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿಯಲ್ಲಿ, ನಾಚಿಕೆ ಪಡೋಂಥದ್ದು ಇದರಲ್ಲೇನಿಲ್ಲ. ಹೋಗೋಕಾಗದಿದ್ರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕಾಸು ಕೇಳಲ್ಲ, ಕನ್ನಡದಲ್ಲೇ ಮಾತಾಡ್ತಾರೆ.